ಬ್ಯಾಡಗಿ ಮೆಣಸಿನಕಾಯಿ ಮೇಲೆ ಪ್ರಾಜೆಕ್ಟಾ? ಲೈಬ್ರರಿ ಡೇಟಾಬೇಸ್‌ನಲ್ಲಿ ಹುಡುಕೋದು ಹೀಗೆ

ಎಂಬಿಎ, ಎಂಕಾಂ ಪ್ರಾಜೆಕ್ಟ್ ಮಾಡುವವರಿಗೆ ನಮ್ಮ ಕಡೆ ವಿಷಯಕ್ಕೇನೂ ಬರ ಇಲ್ಲ. ಧಾರವಾಡ ಪೇಡೆಯ ಬ್ರ್ಯಾಂಡಿಂಗ್, ಗದಗ-ಬೆಟಗೇರಿ ಕೈಮಗ್ಗ, ನವಲಗುಂದದ ಜಮಖಾನೆ, ಹುಬ್ಬಳ್ಳಿಯ ಹತ್ತಿ ವ್ಯಾಪಾರ, ದುರ್ಗದಬೈಲಿನ ಸಣ್ಣ ಅಂಗಡಿಗಳು, ಹೀಗೆ ಎಷ್ಟು ಬೇಕಾದರೂ ಹೇಳಬಹುದು. ಬರ ಇರುವುದು ಉಲ್ಲೇಖಗಳಿಗೆ. ಎಷ್ಟೋ ರಿಪೋರ್ಟುಗಳ ಕೊನೆ ಪುಟ ತೆಗೆದು ನೋಡಿದರೆ ವಿಕಿಪೀಡಿಯ, ಯಾವುದೋ ಬ್ಲಾಗು, ಒಂದು ಕಂಪನಿಯ ಜಾಹೀರಾತು ಪುಟ, ಜೊತೆಗೆ ಯಾರೂ ಹೆಸರು ಕೇಳಿರದ ಎರಡು ಜರ್ನಲ್. ವೈವಾದಲ್ಲಿ ಎದುರು ಕೂತವರು "ಇದನ್ನ ಯಾಕೆ ನಂಬಬೇಕು?" ಅಂತ ಕೇಳಿದರೆ ಆಮೇಲೆ ಕಷ್ಟ.

ನಾನು ಒಂದೇ ಉದಾಹರಣೆ ಹಿಡಿದು ಹೋಗುತ್ತೇನೆ. ಬ್ಯಾಡಗಿ ಒಣಮೆಣಸಿನಕಾಯಿ ಬೆಲೆ ಯಾಕೆ ಹಿಂಗೆ ಏರಿಳಿಯುತ್ತದೆ ಅನ್ನುವುದು ಪ್ರಶ್ನೆ. ನಿಮ್ಮ ವಿಷಯ ಬೇರೆ ಇರಬಹುದು, ದಾರಿ ಇದೇ.

ಮೊದಲು ನಿಮ್ಮ ಲೈಬ್ರರಿಯಲ್ಲಿ ಏನಿದೆ ನೋಡಿ

ಲೈಬ್ರರಿ ಡೇಟಾಬೇಸ್ ಅಂದರೆ ಲೈಬ್ರರಿಯವರು ದುಡ್ಡು ಕೊಟ್ಟು ತರಿಸುವ ಲೇಖನಗಳ ಸಂಗ್ರಹ, ಇಷ್ಟೇ. ಯಾವ ಪತ್ರಿಕೆ ಒಳಗೆ ಬರಬೇಕು ಅಂತ ಯಾರೋ ಆರಿಸಿರುತ್ತಾರೆ, ಪ್ರತಿ ಲೇಖನಕ್ಕೂ ಅದು ಯಾವ ವಿಷಯದ್ದು ಅಂತ ಗುರುತು ಹಾಕಿರುತ್ತಾರೆ. ಆ ಗುರುತಿನ ಉಪಯೋಗ ಏನು ಅಂತ ಆಮೇಲೆ ಹೇಳುತ್ತೇನೆ.

ನೀವು ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಐಐಟಿ ಇಂಥ ಸರ್ಕಾರಿ ಸಂಸ್ಥೆಯಲ್ಲಿ ಓದುತ್ತಿದ್ದರೆ ಮೊದಲು ಕೇಳಬೇಕಾದ್ದು ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಬಗ್ಗೆ. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿದ ಯೋಜನೆ ಇದು. 2025ರಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದ್ದಾರೆ. 30 ದೊಡ್ಡ ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ಸಿಗಬೇಕು ಅನ್ನುವುದು ಲೆಕ್ಕ. ಎಮರಾಲ್ಡ್, ಸೇಜ್, ವೈಲಿ, ಟೇಲರ್ ಅಂಡ್ ಫ್ರಾನ್ಸಿಸ್, ಎಲ್ಸೆವಿಯರ್, ಸ್ಪ್ರಿಂಗರ್ ಎಲ್ಲ ಇದರಲ್ಲಿವೆ. ಮ್ಯಾನೇಜ್‌ಮೆಂಟ್ ಓದುವವರಿಗೆ ಎಮರಾಲ್ಡ್ ಮತ್ತು ಸೇಜ್ ಎರಡೇ ಸಾಕು, ಅಷ್ಟು ಸರಕು ಇದೆ. ಇದನ್ನೆಲ್ಲ ನಡೆಸುವುದು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಅನ್ನುವ ಕೇಂದ್ರ. ಕ್ಯಾಂಪಸ್ ವೈಫೈಯಿಂದ ನೇರ ಓದಬಹುದು. ಹಾಸ್ಟೆಲ್‌ನಿಂದಲೋ ಊರಿಂದಲೋ ಓದಬೇಕಾದರೆ ಇನ್‌ಫೆಡ್ ಅನ್ನುವ ಲಾಗಿನ್ ಬೇಕು, ಅದನ್ನು ಲೈಬ್ರರಿಯವರೇ ಮಾಡಿಕೊಡಬೇಕು. ರಜೆಗೆ ಊರಿಗೆ ಹೋಗುವ ಮೊದಲೇ ಮಾಡಿಸಿಕೊಳ್ಳಿ. ರಾಣೆಬೆನ್ನೂರಿನಲ್ಲೋ ರೋಣದಲ್ಲೋ ಕೂತು ಪಾಸ್‌ವರ್ಡ್ ಕೇಳಿ ಫೋನ್ ಮಾಡುವ ಗೋಳು ತಪ್ಪುತ್ತದೆ.

ಖಾಸಗಿ ಕಾಲೇಜಿನವರ ಕಥೆ ಬೇರೆ. ಮೇಲಿನ ಯೋಜನೆ ಸದ್ಯಕ್ಕೆ ಸರ್ಕಾರಿ ಸಂಸ್ಥೆಗಳಿಗೆ. ನಿಮ್ಮ ಕಾಲೇಜು ಎನ್-ಲಿಸ್ಟ್ (ಕಾಲೇಜುಗಳಿಗೆ ಇನ್‌ಫ್ಲಿಬ್‌ನೆಟ್ ಕೊಡುವ ಇ-ಜರ್ನಲ್ ಯೋಜನೆ) ಸದಸ್ಯ ಇದೆಯಾ, ಡೆಲ್‌ನೆಟ್ ಅನ್ನುವ ಲೈಬ್ರರಿಗಳ ಜಾಲ ಇದೆಯಾ, ಜೆ-ಗೇಟ್ ಇದೆಯಾ ಕೇಳಿ. ಜೆ-ಗೇಟ್ ನಮ್ಮ ಬೆಂಗಳೂರಿನದೇ, 2001ರಿಂದ ಇದೆ, ಭಾರತದ ಜರ್ನಲ್‌ಗಳು ಅದರಲ್ಲಿ ಚೆನ್ನಾಗಿ ಸಿಗುತ್ತವೆ. ಬಿಸಿನೆಸ್‌ಗೇ ಅಂತ ಇರುವ ದೊಡ್ಡ ಡೇಟಾಬೇಸ್‌ಗಳೆಂದರೆ ಎಬ್ಸ್ಕೋದ ಬಿಸಿನೆಸ್ ಸೋರ್ಸ್ ಮತ್ತು ಪ್ರೊಕ್ವೆಸ್ಟ್‌ನ ಎಬಿಐ-ಇನ್‌ಫಾರ್ಮ್. ಕಂಪನಿಗಳ ಲೆಕ್ಕಪತ್ರಕ್ಕೆ ಸಿಎಂಐಇಯ ಪ್ರೋವೆಸ್. ಇವನ್ನು ಸಂಸ್ಥೆ ಬೇರೆಯಾಗಿಯೇ ಕೊಂಡಿರಬೇಕು. ಎಷ್ಟೋ ಕಡೆ ಕೊಂಡಿರುತ್ತಾರೆ, ಬಳಸುವವರೇ ಇರುವುದಿಲ್ಲ.

ಯಾವ ಸಂಸ್ಥೆಗೂ ಸೇರದವರೂ ಓದಬಹುದು. ಶೋಧಗಂಗಾದಲ್ಲಿ ಪಿಎಚ್‌ಡಿ ಪ್ರಬಂಧಗಳು ಪುಕ್ಕಟೆ. ಕೃಷಿ ವಿವಿಗಳ ಪ್ರಬಂಧಗಳು ಕೃಷಿಕೋಶದಲ್ಲಿ ಪುಕ್ಕಟೆ. ಓಪನ್ ಆಕ್ಸೆಸ್, ಅಂದರೆ ಯಾರಾದರೂ ಪುಕ್ಕಟೆ ಓದಬಹುದಾದ ಜರ್ನಲ್‌ಗಳ ಪಟ್ಟಿ ಡಿಒಎಜೆ ವೆಬ್‌ಸೈಟಿನಲ್ಲಿದೆ. ಜೆಸ್ಟೋರ್‌ನಲ್ಲಿ ಉಚಿತ ಖಾತೆ ತೆರೆದರೆ 30 ದಿನಕ್ಕೆ 100 ಲೇಖನದವರೆಗೆ ಆನ್‌ಲೈನ್‌ನಲ್ಲೇ ಓದಲು ಬಿಡುತ್ತಾರೆ. ಅಂಗಡಿ ಇಟ್ಟವರು, ಸ್ಟಾರ್ಟಪ್ ಮಾಡುವವರು ಇಷ್ಟರಲ್ಲೇ ಬೇಕಾದಷ್ಟು ಕೆಲಸ ಮಾಡಿಕೊಳ್ಳಬಹುದು. ವಿವಿ ಲೈಬ್ರರಿಯಲ್ಲಿ ಹೊರಗಿನವರು ಕೂತು ಓದುವ ನಿಯಮ ಒಂದೊಂದು ಕಡೆ ಒಂದೊಂದು ಥರ, ಹೋಗುವ ಮುಂಚೆ ಫೋನ್ ಮಾಡಿ ಕೇಳಿ.

ಪದ ಸರಿ ಸಿಕ್ಕರೆ ಮುಕ್ಕಾಲು ಕೆಲಸ ಮುಗಿದ ಹಾಗೆ

ಇಲ್ಲೇ ಎಲ್ಲರೂ ಎಡವುವುದು. ಗೂಗಲ್‌ಗೆ ಕೇಳಿದ ಹಾಗೆ ಇಡೀ ಪ್ರಶ್ನೆಯನ್ನೇ ಡೇಟಾಬೇಸ್‌ಗೆ ಹಾಕುತ್ತಾರೆ, ಸೊನ್ನೆ ಫಲಿತಾಂಶ ಬರುತ್ತದೆ, "ಇದರಲ್ಲಿ ಏನೂ ಇಲ್ಲ" ಅಂತ ಎದ್ದು ಹೋಗುತ್ತಾರೆ. ಅಲ್ಲಿ ಇರುತ್ತದೆ. ನೀವು ಕೇಳಿದ ಹೆಸರಿನಲ್ಲಿ ಇರುವುದಿಲ್ಲ, ಅಷ್ಟೇ.

ಡೇಟಾಬೇಸ್‌ಗೆ ಪೂರ್ತಿ ವಾಕ್ಯ ಬೇಡ, ಮುಖ್ಯ ಪದ ಸಾಕು. ನಮ್ಮ ಪ್ರಶ್ನೆಯಲ್ಲಿ ಮೂರು ತುಂಡು ಇವೆ: ಬ್ಯಾಡಗಿ, ಮೆಣಸಿನಕಾಯಿ, ಬೆಲೆ. ಪ್ರತಿ ತುಂಡಿಗೂ ಬೇರೆ ಬೇರೆ ಹೆಸರು ಏನೇನಿರಬಹುದು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕಂಪ್ಯೂಟರ್ ಮುಂದೆ ಕೂರುವ ಮೊದಲೇ ಬರೆದುಕೊಂಡರೆ ಒಳ್ಳೆಯದು. ಹುಡುಕುವುದು ಇಂಗ್ಲಿಷ್ ಅಕ್ಷರಗಳಲ್ಲಿ, ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಬ್ಯಾಡಗಿಯನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಬ್ಯಾಡ್ಗಿ, ಬ್ಯಾಡಗಿ, ಬೈಡಗಿ, ಬೆಡ್ಗಿ ಅಂತ ಓದುವ ಹಾಗೆ ನಾಲ್ಕು ಸ್ಪೆಲಿಂಗ್ ನೀವೇ ನೋಡುತ್ತೀರಿ. ಮೆಣಸಿನಕಾಯಿಗೂ ಅದೇ ಪಾಡು: ಚಿಲ್ಲಿಗೆ ಒಂದು ಎಲ್ಲೋ ಎರಡು ಎಲ್ಲೋ, ಕೊನೆಗೆ ಐ ಬರುತ್ತೋ ವೈ ಬರುತ್ತೋ, ಬಹುವಚನಕ್ಕೆ ಇನ್ನೊಂದು ರೂಪ. ವಿಜ್ಞಾನಿಗಳು ಕ್ಯಾಪ್ಸಿಕಮ್ ಆನ್ಯುಅಮ್ ಅನ್ನುತ್ತಾರೆ. ಬೆಲೆಗೆ ಪ್ರೈಸ್ ಸರಿ, ಆದರೆ ಅರ್ಥಶಾಸ್ತ್ರದವರು ಪ್ರೈಸ್ ವೊಲಾಟಿಲಿಟಿ, ಪ್ರೈಸ್ ಡಿಸ್ಕವರಿ, ಮಾರ್ಕೆಟ್ ಇಂಟಿಗ್ರೇಷನ್, ಅರೈವಲ್ಸ್ ಅಂತೆಲ್ಲ ಬರೆಯುತ್ತಾರೆ. ಈ ಪದಗಳು ಗೊತ್ತಿಲ್ಲದೆ ಅವರ ಲೇಖನ ಸಿಗುವುದಿಲ್ಲ. ಹಾಗಾದರೆ ಗೊತ್ತು ಮಾಡಿಕೊಳ್ಳುವುದು ಹೇಗೆ? ಹತ್ತಿರದ ವಿಷಯದ ಒಂದೇ ಒಂದು ಒಳ್ಳೆ ಲೇಖನ ಹಿಡಿಯಿರಿ, ಸಾರಾಂಶದ ಕೆಳಗೆ ಕೀವರ್ಡ್ ಅಂತ ಐದಾರು ಪದ ಇರುತ್ತವೆ, ಡೇಟಾಬೇಸ್‌ನವರು ಹಾಕಿದ ಸಬ್ಜೆಕ್ಟ್ ಗುರುತುಗಳೂ ಪಕ್ಕದಲ್ಲೇ ಇರುತ್ತವೆ, ಅವನ್ನೆಲ್ಲ ನಿಮ್ಮ ಹಾಳೆಗೆ ಇಳಿಸಿಕೊಂಡು ಮತ್ತೆ ಹುಡುಕಿ. ಸಬ್ಜೆಕ್ಟ್ ಗುರುತಿನ ಮೇಲೆ ಕ್ಲಿಕ್ ಮಾಡಿದರೆ ಆ ವಿಷಯದ್ದೇ ಬೇರೆ ಲೇಖನಗಳು ಸಾಲಾಗಿ ಬರುತ್ತವೆ, ಯಾರು ಯಾವ ಸ್ಪೆಲಿಂಗ್ ಬರೆದಿದ್ದರೂ ಸರಿ. ಗೂಗಲ್‌ನಲ್ಲಿ ಈ ಅನುಕೂಲ ಇಲ್ಲ.

ಈಗ ಪದಗಳನ್ನು ಇಂಗ್ಲಿಷಿನ ಆರ್, ಆ್ಯಂಡ್, ನಾಟ್ ಹಾಕಿ ಜೋಡಿಸಬೇಕು. ಆರ್ ಹಾಕಿದರೆ ಇದಾದರೂ ಸರಿ ಅದಾದರೂ ಸರಿ. ಆ್ಯಂಡ್ ಹಾಕಿದರೆ ಎರಡೂ ಇರಲೇಬೇಕು. ನಾಟ್ ಹಾಕಿದರೆ ಅದು ಬೇಡ. ಇವನ್ನು ದೊಡ್ಡಕ್ಷರದಲ್ಲಿ ಟೈಪ್ ಮಾಡಿ, ಕೆಲವು ಡೇಟಾಬೇಸ್‌ಗಳಿಗೆ ಹಾಗೇ ಬೇಕು. ಹತ್ತಿರದ ಅರ್ಥದ ಪದಗಳನ್ನು ಕಂಸದಲ್ಲಿ ಆರ್‌ನಿಂದ ಸೇರಿಸಿ, ಕಂಸಗಳ ನಡುವೆ ಆ್ಯಂಡ್ ಇಡಿ:

(ಬ್ಯಾಡ್ಗಿ ಆರ್ ಬ್ಯಾಡಗಿ ಆರ್ ಬೆಡ್ಗಿ) ಆ್ಯಂಡ್ (ಚಿಲ್ಲಿ ಆರ್ ಚಿಲಿ ಆರ್ ಕ್ಯಾಪ್ಸಿಕಮ್) ಆ್ಯಂಡ್ (ಪ್ರೈಸ್* ಆರ್ ಮಾರ್ಕೆಟ್* ಆರ್ ಟ್ರೇಡ್*)

ಆ ನಕ್ಷತ್ರ ಚಿಹ್ನೆ ಪದದ ಬಾಲವನ್ನು ತೆರೆದಿಡುತ್ತದೆ. ಮಾರ್ಕೆಟ್ ಆದಮೇಲೆ ನಕ್ಷತ್ರ ಹಾಕಿದರೆ ಮಾರ್ಕೆಟ್ಸ್, ಮಾರ್ಕೆಟಿಂಗ್, ಮಾರ್ಕೆಟರ್ ಎಲ್ಲ ಸಿಗುತ್ತವೆ. ಆದರೆ ಬುದ್ಧಿವಂತಿಕೆ ಮಾಡಲು ಹೋಗಿ ಚಿಲ್ ಅನ್ನುವಲ್ಲೇ ನಕ್ಷತ್ರ ಇಟ್ಟರೆ ಮೆಣಸಿನಕಾಯಿ ಜೊತೆ ಚಿಲ್ಡ್ರನ್ ಕೂಡ ಬಂದು ಕೂರುತ್ತಾರೆ! ಎರಡು ಪದ ಜೊತೆಗೇ ಬರಬೇಕಾದರೆ ಉದ್ಧರಣ ಚಿಹ್ನೆ ಹಾಕಿ. "ಪ್ರೈಸ್ ವೊಲಾಟಿಲಿಟಿ" ಅಂತ ಹಾಕಿದರೆ ಪ್ರೈಸ್ ಒಂದು ಪುಟದಲ್ಲಿ, ವೊಲಾಟಿಲಿಟಿ ಇನ್ನೊಂದು ಪುಟದಲ್ಲಿ ಇರುವ ಲೇಖನ ಬರುವುದಿಲ್ಲ. ಆರ್ಗನೈಸ್ಡ್ ಅನ್ನುವ ಪದವನ್ನು ಬ್ರಿಟನ್ನಿನವರು ಎಸ್ ಹಾಕಿ ಬರೆಯುತ್ತಾರೆ, ಅಮೆರಿಕದವರು ಜೆಡ್ ಹಾಕುತ್ತಾರೆ. ಕಿರಾಣಿ ಅಂಗಡಿ ಮೇಲೆ ಹುಡುಕುವವರು ಎರಡನ್ನೂ ಹಾಕಲೇಬೇಕು, ಯಾಕೆಂದರೆ ಸಂಶೋಧನೆಯಲ್ಲಿ ನಮ್ಮ ಕಿರಾಣಿಗೆ ಅನ್‌ಆರ್ಗನೈಸ್ಡ್ ರಿಟೇಲ್ ಅನ್ನುವ ಹೆಸರೇ ಜಾಸ್ತಿ. ಪೇಡೆಯ ಮೇಲೆ ಹುಡುಕುವವರು ಖೋವಾ, ಟ್ರೆಡಿಷನಲ್ ಡೈರಿ ಪ್ರಾಡಕ್ಟ್ ಅನ್ನುವುದನ್ನೂ ನೋಡಿ.

ನಮ್ಮ ಊರುಗಳ ಹೆಸರಿನಲ್ಲೂ ಒಂದಿಷ್ಟು ಇತಿಹಾಸ ಅಡಗಿದೆ, ಅದು ಗೊತ್ತಿರದಿದ್ದರೆ ಅರ್ಧ ಲೇಖನ ಕೈತಪ್ಪುತ್ತದೆ. ಇಂಗ್ಲಿಷಿನ ಹುಬ್ಲಿ ಅಧಿಕೃತವಾಗಿ ಹುಬ್ಬಳ್ಳಿ ಆದದ್ದು 2014ರ ನವೆಂಬರ್ 1ರಂದು. ಅದಕ್ಕಿಂತ ಹಳೆಯದು ಹುಬ್ಲಿ ಅಂತಲೇ ಇದೆ, ಹೊಸಬರಲ್ಲೂ ಎಷ್ಟೋ ಮಂದಿ ಹುಬ್ಲಿ ಅಂತಲೇ ಬರೆಯುತ್ತಾರೆ. ಎರಡನ್ನೂ ಆರ್ ಹಾಕಿ ಕೊಡಿ. ಬ್ರಿಟಿಷರ ಕಾಲದಲ್ಲಿ ಧಾರವಾಡದ ಕೊನೆಗೆ ಡಿ ಅಕ್ಷರದ ಬದಲು ಆರ್ ಅಕ್ಷರ ಇತ್ತು, ಆ ಧಾರವಾರ್ ಸ್ಪೆಲಿಂಗ್ ಇವತ್ತಿಗೂ ಭೂವಿಜ್ಞಾನಿಗಳ ಬಾಯಲ್ಲಿ ಇದೆ. ಹಾಗಾಗಿ ಹಳೆ ವ್ಯಾಪಾರದ ಬಗ್ಗೆ ಧಾರವಾರ್ ಅಂತ ಹುಡುಕಿದರೆ ಧಾರವಾರ್ ಕ್ರೇಟನ್ ಅನ್ನುವ ಕೋಟ್ಯಂತರ ವರ್ಷ ಹಳೆಯ ಕಲ್ಲುಬಂಡೆಗಳ ಲೇಖನಗಳು ರಾಶಿ ಬೀಳುತ್ತವೆ. ನಾಟ್ ಅನ್ನುವುದು ಉಪಯೋಗಕ್ಕೆ ಬರುವುದು ಇಂಥಲ್ಲೇ, ನಾಟ್ ಕ್ರೇಟನ್ ಅಂತ ಹಾಕಿ.

ಇನ್ನೊಂದು, ಇದನ್ನು ಮರೆಯುವವರೇ ಜಾಸ್ತಿ. ಹಾವೇರಿ ಮತ್ತು ಗದಗ ಜಿಲ್ಲೆಗಳು ಹುಟ್ಟಿದ್ದೇ 1997ರಲ್ಲಿ. ಅಲ್ಲಿಯವರೆಗೆ ಬ್ಯಾಡಗಿ ಧಾರವಾಡ ಜಿಲ್ಲೆ. 1980ರ, 90ರ ದಶಕದ ಅಧ್ಯಯನ ಬೇಕಾದರೆ ಹಾವೇರಿ ಅಂತ ಹುಡುಕಿ ಪ್ರಯೋಜನ ಇಲ್ಲ. ಅದಕ್ಕಿಂತ ಅಪಾಯದ್ದು ಅಂಕಿಸಂಖ್ಯೆ. ಧಾರವಾಡ ಜಿಲ್ಲೆಯ 1995ರ ಬೆಳೆ ಅಂಕಿಯನ್ನೂ 2005ರ ಅಂಕಿಯನ್ನೂ ಪಕ್ಕಪಕ್ಕ ಇಟ್ಟು "ಮೆಣಸಿನಕಾಯಿ ಬೆಳೆಯುವ ಪ್ರದೇಶ ಕುಸಿದಿದೆ" ಅಂತ ಬರೆದರೆ ಕುಸಿದದ್ದು ಬೆಳೆಯಲ್ಲ, ಜಿಲ್ಲೆಯೇ ಚಿಕ್ಕದಾಗಿದೆ.

ಇಷ್ಟಾದ ಮೇಲೂ ಬ್ಯಾಡಗಿ ಮೇಲೆ ನೇರವಾಗಿ ಬರೆದದ್ದು ದೊಡ್ಡ ಅಂತರರಾಷ್ಟ್ರೀಯ ಡೇಟಾಬೇಸ್‌ಗಳಲ್ಲಿ ಕಡಿಮೆಯೇ ಸಿಗುತ್ತದೆ. ಗಾಬರಿ ಬೇಡ. ಒಂದೊಂದೇ ಮೆಟ್ಟಿಲು ಮೇಲೆ ಹೋಗಿ: ಬ್ಯಾಡಗಿ ಬಿಟ್ಟು ಕರ್ನಾಟಕದ ಒಣಮೆಣಸಿನಕಾಯಿ, ಅದೂ ಬಿಟ್ಟು ಭಾರತದ ಮಸಾಲೆ ಪದಾರ್ಥ, ಅದೂ ಬಿಟ್ಟು ಎಪಿಎಂಸಿ ಸುಧಾರಣೆ, ಎಲೆಕ್ಟ್ರಾನಿಕ್ ಹರಾಜು. ಕರ್ನಾಟಕ ಸರ್ಕಾರ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಶುರು ಮಾಡಿ ಮಂಡಿಗಳನ್ನು ಆನ್‌ಲೈನ್‌ನಲ್ಲಿ ಜೋಡಿಸಿತು ಅಲ್ವಾ, ಅದರಿಂದ ಭತ್ತ, ಶೇಂಗಾ, ಮೆಕ್ಕೆಜೋಳದ ಬೆಲೆಗೆ ಏನಾಯಿತು ಅಂತ ಒಂದು ಒಳ್ಳೆ ಅಧ್ಯಯನ 2020ರಲ್ಲಿ ಬಂತು. ಬಂದದ್ದು ಎಲ್ಲಿ? ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಜರ್ನಲ್‌ನಲ್ಲಿ. ಬರೀ ಬಿಸಿನೆಸ್ ಡೇಟಾಬೇಸ್ ಒಂದನ್ನೇ ನೋಡಿದವರಿಗೆ ಅದು ಕಣ್ಣಿಗೆ ಬೀಳದೇ ಹೋಗಬಹುದು. ಆದ್ದರಿಂದ ಕನಿಷ್ಠ ಎರಡು ಬೇರೆ ಬೇರೆ ಜಾಗದಲ್ಲಿ ಹುಡುಕಿ.

ಅದರ ಜೊತೆ ಕೆಳಗಿನ ಮೆಟ್ಟಿಲನ್ನೂ ಬಿಡಬೇಡಿ, ನಮ್ಮೂರಿನ ಮೂಲಗಳನ್ನು. ಧಾರವಾಡ ಕೃಷಿ ವಿವಿಯವರು ಜರ್ನಲ್ ಆಫ್ ಫಾರ್ಮ್ ಸೈನ್ಸಸ್ ತರುತ್ತಾರೆ, ಮೊದಲು ಅದರ ಹೆಸರು ಕರ್ನಾಟಕ ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್ ಅಂತ ಇತ್ತು. ಬ್ಯಾಡಗಿ ಮೆಣಸಿನಕಾಯಿಯ ಡಬ್ಬಿ, ಕಡ್ಡಿ ತಳಿಗಳ ವ್ಯತ್ಯಾಸ ಗೊತ್ತಿರುವವರು ಬರೆಯುವ ಪತ್ರಿಕೆ ಅದು, ಲಂಡನ್ನಿನ ಜರ್ನಲ್‌ನಲ್ಲಿ ಅದನ್ನು ಹುಡುಕಿದರೆ ಎಲ್ಲಿಂದ ಬರಬೇಕು? ಧಾರವಾಡದಲ್ಲೇ ಇರುವ ಸಿಎಂಡಿಆರ್ ಅನ್ನುವ ಅಭಿವೃದ್ಧಿ ಸಂಶೋಧನಾ ಸಂಸ್ಥೆಯ ಅಧ್ಯಯನಗಳನ್ನೂ ನೋಡಿ. ಶೋಧಗಂಗಾದಲ್ಲಿ ಕರ್ನಾಟಕ ವಿವಿಯ ಪ್ರಬಂಧಗಳಿವೆ. ಪಿಎಚ್‌ಡಿ ಪ್ರಬಂಧ ಇಡೀ ಓದಬೇಕಿಲ್ಲ. ಎರಡನೇ ಅಧ್ಯಾಯ ಸಾಮಾನ್ಯವಾಗಿ ಹಿಂದಿನ ಅಧ್ಯಯನಗಳ ವಿಮರ್ಶೆ ಇರುತ್ತದೆ, ಯಾರೋ ವರ್ಷಗಟ್ಟಲೆ ಹುಡುಕಿ ಕೊಟ್ಟ ಪಟ್ಟಿ ಅದು. ಅಲ್ಲಿಂದ ಹೆಸರು ತೆಗೆದುಕೊಂಡು ಮೂಲ ಲೇಖನಕ್ಕೆ ಹೋಗಿ. ಅಲ್ಲಿಂದಲೇ ಪ್ಯಾರಾ ಎತ್ತಿ ಅಂಟಿಸಬೇಡಿ, ನಕಲು ಪತ್ತೆ ಮಾಡುವ ಸಾಫ್ಟ್‌ವೇರ್ ಹಿಡಿಯುತ್ತದೆ.

ಫಿಲ್ಟರ್

ಎಡಗಡೆ ಕಾಣುವ ಫಿಲ್ಟರ್‌ಗಳಲ್ಲಿ ಮುಖ್ಯವಾದವು ಮೂರು. ಪೀರ್ ರಿವ್ಯೂಡ್ ಅಂತ ಟಿಕ್ ಮಾಡಿದರೆ ಪರಿಣತರು ಪರಿಶೀಲಿಸುವ ಜರ್ನಲ್‌ಗಳು ಮಾತ್ರ ಉಳಿಯುತ್ತವೆ. ವರ್ಷದ ಮಿತಿ ಹಾಕಿ, ಬೆಲೆಯ ವಿಷಯಕ್ಕೆ ಹತ್ತು ವರ್ಷ ಸಾಕು, ಇತಿಹಾಸಕ್ಕೆ ಮಿತಿಯೇ ಬೇಡ. ಫುಲ್ ಟೆಕ್ಸ್ಟ್ ಅನ್ನುವುದನ್ನು ಮಾತ್ರ ಮೊದಲೇ ಒತ್ತಬೇಡಿ. ಒತ್ತಿದರೆ ನಿಮ್ಮ ಲೈಬ್ರರಿಯ ಬೇರೆ ಡೇಟಾಬೇಸ್‌ನಲ್ಲಿ ಸಿಗುವ ಒಳ್ಳೆ ಲೇಖನವೂ ಮಾಯ ಆಗುತ್ತದೆ. ಫಲಿತಾಂಶ ಸಾವಿರಗಟ್ಟಲೆ ಬಂದರೆ ಹುಡುಕುವುದನ್ನು ಶೀರ್ಷಿಕೆ ಮತ್ತು ಸಾರಾಂಶಕ್ಕೆ ಸೀಮಿತ ಮಾಡಿ, ಪಕ್ಕದ ಡ್ರಾಪ್‌ಡೌನ್‌ನಲ್ಲಿ ಅದು ಇರುತ್ತದೆ.

ಡೇಟಾಬೇಸ್‌ನಲ್ಲಿ ಸಿಕ್ಕಿತು ಅಂದ ಮಾತ್ರಕ್ಕೆ ನಂಬಬೇಕಾ?

ಬೇಡ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಒಂದೇ ಡೇಟಾಬೇಸ್‌ನಲ್ಲಿ ಸಂಶೋಧನಾ ಜರ್ನಲ್ ಇರುತ್ತದೆ, ವ್ಯಾಪಾರಿ ಸಂಘಗಳ ಪತ್ರಿಕೆ ಇರುತ್ತದೆ, ದಿನಪತ್ರಿಕೆ ಇರುತ್ತದೆ, ಕಂಪನಿಗಳೇ ಬರೆದು ಕಳಿಸಿದ ಪ್ರೆಸ್ ರಿಲೀಸ್ ಕೂಡ ಇರುತ್ತದೆ. ಹಾರ್ವರ್ಡ್ ಬಿಸಿನೆಸ್ ರಿವ್ಯೂ ಹೆಸರು ದೊಡ್ಡದು, ಲೇಖನಗಳೂ ಚೆಂದ, ಆದರೆ ಅದು ಪೀರ್ ರಿವ್ಯೂ ಆಗುವ ಜರ್ನಲ್ ಅಲ್ಲ, ಸಂಪಾದಕರು ಆರಿಸುವ ಪತ್ರಿಕೆ. ನಮ್ಮ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಸ್ಪೆಷಲ್ ಆರ್ಟಿಕಲ್ ಅನ್ನುವ ಭಾಗ ಪರಿಣತರ ಕೈ ದಾಟಿ ಬರುತ್ತದೆ. ಅದೇ ಸಂಚಿಕೆಯ ಸಂಪಾದಕೀಯ, ಅಂಕಣ ಬೇರೆ ಜಾತಿ. ಉಲ್ಲೇಖಿಸಬಾರದು ಅಂತಲ್ಲ. ಏನನ್ನು ಉಲ್ಲೇಖಿಸುತ್ತಿದ್ದೇವೆ ಅಂತ ಗೊತ್ತಿರಬೇಕು.

ಯಾವ ಮಾತಿಗೆ ಯಾವ ಸಾಕ್ಷಿ ಅನ್ನುವುದೇ ಇಲ್ಲಿ ಮುಖ್ಯ. 2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ಬೆಲೆ ಬಿದ್ದು ಬ್ಯಾಡಗಿ ಎಪಿಎಂಸಿಯಲ್ಲಿ ಗಲಾಟೆ ಆಗಿ ವಾಹನಗಳಿಗೆ ಬೆಂಕಿ ಬಿದ್ದದ್ದು ನೆನಪಿದೆಯಲ್ಲ. ಅಂದು ಏನಾಯಿತು ಅಂತ ಹೇಳಲು ದಿನಪತ್ರಿಕೆಯೇ ಸರಿಯಾದ ಮೂಲ. ಪೀರ್ ರಿವ್ಯೂ ಲೇಖನ ಬರೆದು, ಪರಿಶೀಲನೆಯಾಗಿ, ಅಚ್ಚಾಗಿ ಬರಲು ವರ್ಷವೇ ಹಿಡಿಯುವುದುಂಟು, ಅದಕ್ಕೆ ಕಾಯುತ್ತಾ ಕೂರಲು ಆಗುವುದಿಲ್ಲ. ಆದರೆ ಬೆಲೆ ಯಾಕೆ ಬಿತ್ತು ಅನ್ನುವುದಕ್ಕೆ ಅದೇ ದಿನದ ಪತ್ರಿಕೆಯಲ್ಲಿ ಒಬ್ಬ ವರ್ತಕರು ಹೇಳಿದ ಒಂದು ವಾಕ್ಯ ಸಾಕ್ಷಿಯಲ್ಲ. ಅದಕ್ಕೆ ಸರ್ಕಾರದ ಆಗ್‌ಮಾರ್ಕ್‌ನೆಟ್ ವೆಬ್‌ಸೈಟಿನಲ್ಲಿ ಸಿಗುವ ದಿನದಿನದ ಆವಕ ಮತ್ತು ಬೆಲೆ ನೋಡಬೇಕು, ಸ್ಪೈಸಸ್ ಬೋರ್ಡ್‌ನ ರಫ್ತಿನ ಅಂಕಿ ನೋಡಬೇಕು, ಹಿಂದೆ ಹೀಗೇ ಆದಾಗ ಸಂಶೋಧಕರು ಏನು ಕಂಡುಕೊಂಡಿದ್ದರು ಅಂತ ಓದಬೇಕು. ಬಣ್ಣಕ್ಕಾಗಿ ಮೆಣಸಿನಕಾಯಿಯಿಂದ ಓಲಿಯೊರೆಸಿನ್ ಅನ್ನುವ ಸಾರ ತೆಗೆಯುವ ಕಾರ್ಖಾನೆಗಳ ಬೇಡಿಕೆಯೂ ಇದರೊಳಗೆ ಬರುತ್ತದೆ, ಅದು ಮಂಡಿಯ ವರದಿಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಲೇಖನ ತೆರೆದ ಮೇಲೆ ನಾನು ಮೊದಲು ನೋಡುವುದು ವಿಧಾನದ ಭಾಗವನ್ನು. ಸಾರಾಂಶದಲ್ಲಿ ಎಲ್ಲರೂ ದೊಡ್ಡ ಮಾತು ಆಡುತ್ತಾರೆ. ಯಾರನ್ನು ಕೇಳಿದರು, ಎಷ್ಟು ಜನ, ಹೇಗೆ ಆರಿಸಿದರು, ಯಾವ ವರ್ಷ? ಒಂದೇ ತಾಲೂಕಿನ 60 ರೈತರನ್ನು, ಅದೂ ಕೈಗೆ ಸಿಕ್ಕವರನ್ನು ಕೇಳಿ "ಕರ್ನಾಟಕದ ರೈತರು ಆನ್‌ಲೈನ್ ಹರಾಜಿನಿಂದ ಸಂತೃಪ್ತರು" ಅಂತ ಬರೆದಿದ್ದರೆ ಆ ತಾಲೂಕಿನ ಮಟ್ಟಿಗೆ ಮಾತ್ರ ತೆಗೆದುಕೊಳ್ಳಿ. ನಿಮ್ಮ ರಿಪೋರ್ಟಿನಲ್ಲೂ ಹಾಗೇ ಬರೆಯಿರಿ. ಆಮೇಲೆ ಹಣ ಯಾರು ಕೊಟ್ಟರು, ಲೇಖಕರು ಎಲ್ಲಿ ಕೆಲಸ ಮಾಡುತ್ತಾರೆ, ಇದು ಮೊದಲ ಪುಟದ ಅಡಿಯಲ್ಲೋ ಕೊನೆಯಲ್ಲೋ ಸಣ್ಣಕ್ಷರದಲ್ಲಿ ಇರುತ್ತದೆ.

ಹಣದ ಮಾತು ಬಂತು, ಐಪಿಒಗೆ ಬರುವ, ಅಂದರೆ ಮೊದಲ ಸಲ ಜನರಿಗೆ ಷೇರು ಮಾರುವ ಕಂಪನಿಗಳು ಷೇರುಪೇಟೆಯ ನಿಯಂತ್ರಕ ಸೆಬಿಗೆ ಸಲ್ಲಿಸುವ ಕರಡು ಪ್ರಾಸ್ಪೆಕ್ಟಸ್ ನೋಡಿದ್ದೀರಾ? ಪುಕ್ಕಟೆ ಸಿಗುತ್ತದೆ. ಅದರಲ್ಲಿ ಇಂಡಸ್ಟ್ರಿ ಓವರ್‌ವ್ಯೂ ಅಂತ ಒಂದು ಅಧ್ಯಾಯ ಇರುತ್ತದೆ. ಮಸಾಲೆ ಉದ್ಯಮವೋ, ಬಸ್ ತಯಾರಿಕೆಯೋ, ಇಡೀ ಕ್ಷೇತ್ರದ ಚಿತ್ರ ಒಂದೇ ಕಡೆ ಸಿಗುತ್ತದೆ. ಓದಲೇಬೇಕಾದ್ದು. ಆದರೆ ಆ ಅಧ್ಯಾಯದ ಅಂಕಿಗಳು ಎಷ್ಟೋ ಸಲ ಕಂಪನಿಯೇ ದುಡ್ಡು ಕೊಟ್ಟು ಮಾಡಿಸಿದ ವರದಿಯಿಂದ ಬಂದಿರುತ್ತವೆ, ಹಾಗಂತ ಆ ದಾಖಲೆಯಲ್ಲೇ ಬರೆದಿರುತ್ತಾರೆ. ಕಂಪನಿಯ ಸಾಲ, ಮಾರಾಟ, ಕೋರ್ಟ್ ಕೇಸುಗಳ ಬಗ್ಗೆ ಅದನ್ನು ನಂಬಿ. "ಈ ಮಾರುಕಟ್ಟೆ ಮುಂದಿನ ಐದು ವರ್ಷದಲ್ಲಿ ದುಪ್ಪಟ್ಟಾಗುತ್ತದೆ" ಅನ್ನುವುದನ್ನು ಚಿಟಿಕೆ ಉಪ್ಪಿನಷ್ಟು ತೆಗೆದುಕೊಂಡರೆ ಸಾಕು.

ಇನ್ನು ಹಣ ತೆಗೆದುಕೊಂಡು ನಾಲ್ಕೇ ದಿನದಲ್ಲಿ ಏನು ಬೇಕಾದರೂ ಅಚ್ಚು ಹಾಕುವ ಜರ್ನಲ್‌ಗಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವ ಮಾತು ಇವಕ್ಕೇ ಹೇಳಿಸಿದ ಹಾಗಿದೆ. ಹೆಸರಿನಲ್ಲಿ ಇಂಟರ್‌ನ್ಯಾಷನಲ್ ಇರುತ್ತದೆ, ವಾಣಿಜ್ಯ, ವಿಜ್ಞಾನ, ಸಾಹಿತ್ಯ, ನರ್ಸಿಂಗ್ ಎಲ್ಲ ಒಂದೇ ಸಂಚಿಕೆಯಲ್ಲಿ ಇರುತ್ತದೆ, ಯಾರೂ ಕೇಳಿರದ ಇಂಪ್ಯಾಕ್ಟ್ ಫ್ಯಾಕ್ಟರ್ (ಜರ್ನಲ್‌ನ ಲೇಖನಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸುತ್ತಾರೆ ಅನ್ನುವ ಅಳತೆ) ದೊಡ್ಡಕ್ಷರದಲ್ಲಿ ಮಿನುಗುತ್ತಿರುತ್ತದೆ. ಐಎಸ್‌ಎಸ್‌ಎನ್ ಇದೆಯಲ್ಲ ಅನ್ನುತ್ತಾರೆ. ಅದು ಎಂಟಂಕಿಯ ಗುರುತಿನ ಸಂಖ್ಯೆ ಅಷ್ಟೇ, ಗುಣಮಟ್ಟದ ಮುದ್ರೆ ಅಲ್ಲ. ನಿಜವಾದ ಇಂಪ್ಯಾಕ್ಟ್ ಫ್ಯಾಕ್ಟರ್ ಕೊಡುವುದು ಕ್ಲಾರಿವೇಟ್ ಅನ್ನುವ ಕಂಪನಿ ಒಂದೇ. ಮೊದಲು ಒಳ್ಳೆ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿ ನೋಡಿ ಸಮಾಧಾನ ಮಾಡಿಕೊಳ್ಳುತ್ತಿದ್ದೆವು, 2025ರಲ್ಲಿ ಯುಜಿಸಿ ಆ ಪಟ್ಟಿಯನ್ನೇ ಕೈಬಿಟ್ಟಿದೆ. "ಯುಜಿಸಿ ಅನುಮೋದಿತ" ಅಂತ ಇನ್ನೂ ಹಲಗೆ ಹಾಕಿಕೊಂಡಿರುವ ಜರ್ನಲ್ ಕಂಡರೆ ಅಲ್ಲೇ ಅನುಮಾನ ಪಡಿ. ಸ್ಕೋಪಸ್ ಅನ್ನುವ ಜರ್ನಲ್‌ಗಳ ದೊಡ್ಡ ಸೂಚಿಯಲ್ಲಿ ಇದೆ ಅಂತ ಹೇಳಿಕೊಂಡರೆ ಸ್ಕೋಪಸ್ ವೆಬ್‌ಸೈಟಿಗೇ ಹೋಗಿ ನೋಡಿ, ಕೈಬಿಟ್ಟ ಜರ್ನಲ್‌ಗಳ ಪಟ್ಟಿಯನ್ನೂ ಅವರು ಹಾಕುತ್ತಾರೆ. ಓಪನ್ ಆಕ್ಸೆಸ್ ಆದರೆ ಡಿಒಎಜೆಯಲ್ಲಿ ಇದೆಯಾ ನೋಡಿ. ಸಂಪಾದಕ ಮಂಡಳಿಯ ಇಬ್ಬರ ಹೆಸರು ಅವರವರ ವಿಶ್ವವಿದ್ಯಾಲಯದ ಪುಟದಲ್ಲಿ ಇದೆಯಾ ಅಂತ ಹುಡುಕಿದರೂ ಬಣ್ಣ ಬಯಲಾಗುತ್ತದೆ.

ಒಳ್ಳೆ ಜರ್ನಲ್‌ನ ಲೇಖನವೂ ಹಿಂದಕ್ಕೆ ಹೋಗುವುದುಂಟು. ಹಾಗೆ ವಾಪಸ್ ಪಡೆದ ಲೇಖನಗಳ ದಾಖಲೆ ರಿಟ್ರಾಕ್ಷನ್ ವಾಚ್‌ನವರದು, 2023ರಿಂದ ಕ್ರಾಸ್‌ರೆಫ್ ಅನ್ನುವ ಸಂಸ್ಥೆಯ ಮೂಲಕ ಎಲ್ಲರಿಗೂ ತೆರೆದಿದೆ.

ಎಐ ಚಾಟ್‌ಬಾಟ್‌ಗಳ ಬಗ್ಗೆ ಒಂದು ಮಾತು. ಹುಡುಕು ಪದಗಳನ್ನು ಸೂಚಿಸು ಅಂದರೆ ಚೆನ್ನಾಗಿಯೇ ಸೂಚಿಸುತ್ತವೆ. ಉಲ್ಲೇಖ ಕೊಡು ಅಂದರೆ ಮಾತ್ರ ಇರದ ಲೇಖನಕ್ಕೂ ನಿಜವಾದ ಲೇಖಕರ ಹೆಸರು, ವರ್ಷ, ಪುಟಸಂಖ್ಯೆ ಹಾಕಿ ಕೊಟ್ಟುಬಿಡುತ್ತವೆ. ಪ್ರತಿಯೊಂದನ್ನೂ ಡೇಟಾಬೇಸ್‌ನಲ್ಲಿ ಹುಡುಕಿ, ಡಿಒಐ (ಲೇಖನದ ಶಾಶ್ವತ ಗುರುತಿನ ಸಂಖ್ಯೆ) ಹಾಕಿ ತೆರೆದು ನೋಡಿ. ತೆರೆಯದಿದ್ದರೆ, ಅಥವಾ ತೆರೆದಾಗ ಬೇರೆಯೇ ಲೇಖನ ಬಂದರೆ, ಸುಮ್ನೆ ಬಿಟ್ಟುಬಿಡಿ.

ಬೇಕಾದ ಲೇಖನಕ್ಕೆ ಬೀಗ ಬಿದ್ದಿದ್ದರೆ

ಶೀರ್ಷಿಕೆಯನ್ನು ಗೂಗಲ್ ಸ್ಕಾಲರ್‌ನಲ್ಲಿ ಹಾಕಿ. ಕೆಳಗೆ ಆಲ್ ವರ್ಷನ್ಸ್ ಅಂತ ಇರುತ್ತದೆ, ಅದರೊಳಗೆ ಎಷ್ಟೋ ಸಲ ಲೇಖಕರೇ ಇಟ್ಟ ಪುಕ್ಕಟೆ ಪ್ರತಿ ಸಿಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಲೈಬ್ರರಿ ಲಿಂಕ್ಸ್ ಅನ್ನುವಲ್ಲಿ ನಿಮ್ಮ ಸಂಸ್ಥೆ ಹೆಸರು ಸಿಕ್ಕರೆ ಸೇರಿಸಿ. ಅನ್‌ಪೇವಾಲ್ ಅನ್ನುವ ಎಕ್ಸ್‌ಟೆನ್ಷನ್ ಬ್ರೌಸರ್‌ಗೆ ಹಾಕಿಕೊಂಡರೆ ಉಚಿತ ಪ್ರತಿ ಇದ್ದಾಗ ಅದೇ ತೋರಿಸುತ್ತದೆ. ಯಾವುದೂ ಆಗದಿದ್ದರೆ ಲೇಖಕರಿಗೆ ನಾಲ್ಕು ಸಾಲಿನ ಇಮೇಲ್ ಬರೆಯಿರಿ, ಎಷ್ಟೋ ಜನ ಖುಷಿಯಿಂದಲೇ ಕಳಿಸುತ್ತಾರೆ. ಡೆಲ್‌ನೆಟ್ ಸದಸ್ಯ ಲೈಬ್ರರಿಯಾದರೆ ಬೇರೆ ಲೈಬ್ರರಿಯಿಂದ ತರಿಸಿಕೊಡುತ್ತಾರೆ. ಸುಮ್ಮನೆ ಪ್ರಕಾಶಕರು ಕೇಳುವ ಡಾಲರ್ ಕಟ್ಟಲು ಹೋಗಬೇಡಿ.

ಹಾಗೇ ಲೈಬ್ರರಿಯನ್ ಹತ್ತಿರ ಹೋಗುವಾಗ "ಮೆಣಸಿನಕಾಯಿ ಬಗ್ಗೆ ಏನಾದರೂ ಇದೆಯಾ ಸರ್" ಅಂತ ಕೇಳಬೇಡಿ. ಬರೆದುಕೊಂಡ ಆ ಹಾಳೆ ತೆಗೆದುಕೊಂಡು ಹೋಗಿ, ಯಾವ ಡೇಟಾಬೇಸ್‌ನಲ್ಲಿ ಯಾವ ಪದ ಹಾಕಿ ಏನು ಬಂತು ಅಂತ ತೋರಿಸಿ. ಕೆಲಸ ಗೊತ್ತಿರುವ ಲೈಬ್ರರಿಯನ್ ಅದರಲ್ಲಿ ಒಂದು ಪದ ಅಳಿಸಿ ಇನ್ನೊಂದು ಬರೆಯುತ್ತಾರೆ, ಫಲಿತಾಂಶವೇ ಬೇರೆಯಾಗುತ್ತದೆ.

ಸಿಕ್ಕದ್ದನ್ನು ಉಳಿಸಿಕೊಳ್ಳುವಾಗ ಮೇಲಿನ ಅಡ್ರೆಸ್ ಬಾರ್‌ನ ಲಿಂಕ್ ಕಾಪಿ ಮಾಡಬೇಡಿ. ಡೇಟಾಬೇಸ್‌ಗಳಲ್ಲಿ ಆ ಲಿಂಕ್ ಎಷ್ಟೋ ಸಲ ಲಾಗೌಟ್ ಆದ ಕೂಡಲೇ ಸತ್ತುಹೋಗುತ್ತದೆ. ಪರ್ಮಾಲಿಂಕ್ ಅನ್ನುವ ಗುಂಡಿ ಇರುತ್ತದೆ, ಅದನ್ನು ಒತ್ತಿ, ಇಲ್ಲವೇ ಡಿಒಐ ಬರೆದಿಟ್ಟುಕೊಳ್ಳಿ. ಜೊಟೆರೊ ಉಚಿತ ಸಾಫ್ಟ್‌ವೇರ್, ಒಂದೇ ಕ್ಲಿಕ್‌ಗೆ ಲೇಖನದ ವಿವರ ಎತ್ತಿಕೊಳ್ಳುತ್ತದೆ, ವಾಪಸ್ ಪಡೆದ ಲೇಖನ ಇದ್ದರೆ ಕೆಂಪಗೆ ಎಚ್ಚರಿಕೆಯನ್ನೂ ಕೊಡುತ್ತದೆ. ಡೇಟಾಬೇಸ್ ತಾನೇ ತಯಾರಿಸಿ ಕೊಡುವ ಸೈಟೇಷನ್ ನಕಲು ಮಾಡುವವರು ಒಮ್ಮೆ ಕಣ್ಣಾಡಿಸಿ, ಭಾರತೀಯ ಹೆಸರುಗಳಲ್ಲಿ ಇನಿಷಿಯಲ್ ಯಾವುದು, ಊರ ಹೆಸರು ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಕೊನೆಗೆ ನಿಮ್ಮ ಆ ಉದ್ದನೆಯ ಹುಡುಕಾಟವನ್ನು ಸೇವ್ ಮಾಡಿ ಅಲರ್ಟ್ ಹಾಕಿಬಿಡಿ. ಬ್ಯಾಡಗಿ ಮೇಲೆ ಹೊಸ ಲೇಖನ ಬಂದರೆ ಇಮೇಲ್‌ಗೇ ಬರುತ್ತದೆ, ವೈವಾ ಹಿಂದಿನ ವಾರ ಬಂದರೂ ಸೇರಿಸಬಹುದು.